ಸ್ಯಾಂಕ್ಷನ್ ಆಗಿದೆ ಅಂದ್ರೆ ದುಡ್ಡು ಬಂತು ಅಂತಲ್ಲ: ಒಂದು ಇಂಗ್ಲಿಷ್ ಪದ, ಎರಡು ಅರ್ಥ, ನಮ್ಮ ನಾಲ್ಕು ತಾಲ್ಲೂಕು

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)



ಹೋದ ವಾರ ಹೊಳಲ್ಕೆರೆಯಿಂದ ಒಬ್ಬ ಕೇಳುಗರು ವಾಯ್ಸ್ ಮೆಸೇಜ್ ಕಳಿಸಿದ್ರು. ಡಿಗ್ರಿ ಮುಗಿಸಿ ಎಫ್‌ಡಿಎ ಪರೀಕ್ಷೆಗೆ ಓದ್ತಾ ಇದಾರಂತೆ. ಅವರ ಪ್ರಶ್ನೆ ಇಷ್ಟು: "ಇಂಗ್ಲಿಷ್ ಪೇಪರ್‌ನಲ್ಲಿ ಅಮೆರಿಕ ರಷ್ಯಾ ಮೇಲೆ ಸ್ಯಾಂಕ್ಷನ್ಸ್ ಹಾಕ್ತು ಅಂತ ಬರುತ್ತೆ. ನಮ್ಮೂರಲ್ಲಿ ಸ್ಯಾಂಕ್ಷನ್ ಅಂದ್ರೆ ಸಾಲ ಕೊಡೋದು, ಮನೆ ಕೊಡೋದು. ಹಂಗಾದ್ರೆ ಅಮೆರಿಕ ರಷ್ಯಾಕ್ಕೆ ಏನು ಕೊಡ್ತು?"

ಕೇಳಿ ಮೊದ್ಲು ನಕ್ಕುಬಿಟ್ಟೆ. ಆಮೇಲೆ ನಗು ನಿಂತೋಯ್ತು. ಯಾಕಂದ್ರೆ ಇದೇ ಪದವನ್ನ ತಪ್ಪಾಗಿ ಅರ್ಥ ಹೇಳಿ ನಾನು ನಮ್ಮ ಮಾವನ ಕೈಯಲ್ಲಿ ಒಂದಷ್ಟು ದುಡ್ಡು ಕಳೆಸಿದೀನಿ. ಬಿ.ಕಾಂ ಓದಿದವನು ನಾನು. ಆ ಕಥೆನೂ ಇವತ್ತು ಹೇಳ್ತೀನಿ.

ಹಾಗಾಗಿ ಇವತ್ತಿನ ಪದ: ಸ್ಯಾಂಕ್ಷನ್. ಸ್ಪೆಲ್ಲಿಂಗ್ ಬರ್ಕೊಳ್ಳಿ: ಎಸ್-ಎ-ಎನ್-ಸಿ-ಟಿ-ಐ-ಒ-ಎನ್.

ಎರಡು ಅರ್ಥ, ಒಂದಕ್ಕೊಂದು ಉಲ್ಟಾ

ಈ ಪದಕ್ಕೆ ಎರಡು ಮುಖ್ಯ ಅರ್ಥ ಇದೆ. ಒಂದು, ಅನುಮತಿ ಅಥವಾ ಮಂಜೂರಾತಿ. ಇನ್ನೊಂದು, ದಂಡನೆ ಅಥವಾ ನಿರ್ಬಂಧ. ಒಂದೇ ಪದ "ಆಗಲಿ, ಮಾಡು" ಅಂತಲೂ ಹೇಳುತ್ತೆ, "ಮಾಡಿದ್ರೆ ನೋಡು" ಅಂತಲೂ ಹೇಳುತ್ತೆ.

ಇದು ಹೇಗೆ ಸಾಧ್ಯ? ಪದದ ಬೇರು ಲ್ಯಾಟಿನ್ ಭಾಷೆಯದು. ಸಾಂಕ್ಟಸ್ ಅಂದ್ರೆ ಪವಿತ್ರ. ಸೇಂಟ್ ಅನ್ನೋ ಪದ ಅಲ್ಲಿಂದ್ಲೇ ಬಂದಿದ್ದು. ಸ್ಯಾಂಕ್ಚುಯರಿ ಕೂಡ. ನಮ್ಮ ಚಿತ್ರದುರ್ಗದ ಜೋಗಿಮಟ್ಟಿ ವನ್ಯಜೀವಿಧಾಮವನ್ನ ಇಂಗ್ಲಿಷ್‌ನಲ್ಲಿ ಸ್ಯಾಂಕ್ಚುಯರಿ ಅಂತಾರಲ್ಲ, ಅದೂ ಇದೇ ಮನೆತನದ ಪದ. ಒಂದು ಕಾನೂನು ಮಾಡಿ, ಅದಕ್ಕೆ ಪವಿತ್ರವಾದ ಮುದ್ರೆ ಒತ್ತಿ, ಇನ್ನು ಇದನ್ನ ಮುರಿಯೋ ಹಾಗಿಲ್ಲ ಅಂತ ಗಟ್ಟಿ ಮಾಡೋದು ಮೂಲ ಅರ್ಥ. ಮುದ್ರೆ ಒತ್ತೋದು ಅಂದ್ರೆ ಒಪ್ಪಿಗೆ. ಆದ್ರೆ ಅದೇ ಕಾನೂನಲ್ಲಿ ಮುರಿದವರಿಗೆ ಏನು ಶಿಕ್ಷೆ ಅಂತ ಹೇಳೋ ಭಾಗಕ್ಕೂ ಇದೇ ಹೆಸರು ಬಂತು. ಹೀಗೆ ಒಪ್ಪಿಗೆ ಮತ್ತು ಶಿಕ್ಷೆ ಎರಡೂ ಒಂದೇ ಪದದೊಳಗೆ ಕೂತ್ಕೊಂಡ್ವು.

ಮೊದಲನೇ ಅರ್ಥಕ್ಕೆ ಕನ್ನಡದಲ್ಲಿ ನಾವು ಬಳಸೋದು ಮಂಜೂರು. ಇದು ಅರಬ್ಬಿ ಮೂಲದ ಪದ, ಪರ್ಷಿಯನ್ ಆಡಳಿತ ಭಾಷೆಯ ಮೂಲಕ ನಮ್ಮ ಕಚೇರಿಗಳಿಗೆ ಬಂದಿದ್ದು. ಅದರ ಮೂಲ ಅರ್ಥ "ನೋಡಲ್ಪಟ್ಟದ್ದು". ನಜರ್ ಅಂತೀವಲ್ಲ, ಕಣ್ಣು, ನೋಟ, ಅದೇ ಬೇರು. ಅಂದ್ರೆ ಮೇಲಿನವರ ಕಣ್ಣಿಗೆ ಬಿತ್ತು, ಒಪ್ಪಿದ್ರು ಅಂತ ಅರ್ಥ. ಒಪ್ಪಿದ್ರು ಅಷ್ಟೇ. ಕೊಟ್ರು ಅಂತ ಆ ಪದ ಎಲ್ಲೂ ಹೇಳಲ್ಲ. ಇದನ್ನ ಸ್ವಲ್ಪ ನೆನಪಲ್ಲಿ ಇಟ್ಕೊಳ್ಳಿ.

ಯಾವಾಗ ಯಾವ ಅರ್ಥ?

ಪರೀಕ್ಷೆಗೆ ಓದೋರಿಗೆ ಒಂದು ಸುಲಭ ದಾರಿ ಹೇಳ್ತೀನಿ. ಸ್ಯಾಂಕ್ಷನ್ ಕ್ರಿಯಾಪದ ಆಗಿ ಬಂದಾಗ, ಏನನ್ನ ಸ್ಯಾಂಕ್ಷನ್ ಮಾಡಿದ್ರು ಅಂತ ನೋಡಿ.

ಸಾಲ, ರಜೆ, ನಕ್ಷೆ, ಹುದ್ದೆ, ಯೋಜನೆ, ಹೀಗೆ ಒಂದು ವಸ್ತು ಅಥವಾ ಕೆಲಸ ಆಗಿದ್ರೆ ಅದು ಅನುಮತಿ. "ದಿ ಬ್ಯಾಂಕ್ ಸ್ಯಾಂಕ್ಷನ್ಡ್ ದಿ ಲೋನ್", ಬ್ಯಾಂಕ್ ಸಾಲಕ್ಕೆ ಮಂಜೂರಾತಿ ಕೊಡ್ತು.

ಒಬ್ಬ ವ್ಯಕ್ತಿ, ಕಂಪನಿ ಅಥವಾ ದೇಶ ಆಗಿದ್ರೆ ಸಾಮಾನ್ಯವಾಗಿ ಶಿಕ್ಷೆ. "ದಿ ಕಂಪನಿ ವಾಸ್ ಸ್ಯಾಂಕ್ಷನ್ಡ್", ಆ ಕಂಪನಿ ಮೇಲೆ ನಿರ್ಬಂಧ ಹಾಕಿದ್ರು.

ನಾಮಪದ ಆಗಿ ಬಂದಾಗ ಕೊನೆಯಲ್ಲಿ ಎಸ್ ಇದೆಯಾ ನೋಡಿ. ಸ್ಯಾಂಕ್ಷನ್ಸ್ ಅಂತ ಬಹುವಚನದಲ್ಲಿ ಬಂದು, ಜೊತೆಗೆ ಇಂಪೋಸ್ ಅಥವಾ ಲಿಫ್ಟ್ ಅನ್ನೋ ಕ್ರಿಯಾಪದ, ಮುಂದೆ ಆನ್ ಅಥವಾ ಅಗೇನ್ಸ್ಟ್ ಬಂದ್ರೆ ಅದು ಬಹುತೇಕ ನಿರ್ಬಂಧವೇ. ಇಂಪೋಸ್ ಅಂದ್ರೆ ಹೇರೋದು, ಲಿಫ್ಟ್ ಅಂದ್ರೆ ತೆರವು ಮಾಡೋದು. ಏಕವಚನದಲ್ಲಿ ಬಂದು ಮುಂದೆ ಫಾರ್ ಇದ್ರೆ ಸಾಮಾನ್ಯವಾಗಿ ಅನುಮತಿ.

ಒಂದು ಕಡೆ ಜಾಗ್ರತೆ. "ಸ್ಯಾಂಕ್ಷನ್ ಫಾರ್ ಪ್ರಾಸಿಕ್ಯೂಷನ್" ಅಂತ ಪೇಪರ್‌ನಲ್ಲಿ ಆಗಾಗ ಬರುತ್ತೆ. ಪ್ರಾಸಿಕ್ಯೂಷನ್ ಇದೆಯಲ್ಲ, ಶಿಕ್ಷೆ ಇರ್ಬೇಕು ಅನ್ಸುತ್ತೆ. ಅಲ್ಲ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಸರ್ಕಾರಿ ನೌಕರರ ಮೇಲೆ ಕೋರ್ಟ್‌ನಲ್ಲಿ ಕೇಸ್ ನಡೆಸೋಕೆ ಮೊದಲೇ ಸಂಬಂಧಪಟ್ಟ ಪ್ರಾಧಿಕಾರದ ಪೂರ್ವಾನುಮತಿ ಬೇಕು. ಆ ಅನುಮತಿಯೇ ಸ್ಯಾಂಕ್ಷನ್. ಶಿಕ್ಷೆ ಆಗುತ್ತಾ ಇಲ್ವಾ ಅನ್ನೋದು ಕೋರ್ಟ್ ವಿಚಾರ.

ಈಗ ಹೊಳಲ್ಕೆರೆಯವರ ಪ್ರಶ್ನೆಗೆ ಉತ್ತರ. ಅಮೆರಿಕ ರಷ್ಯಾಕ್ಕೆ ಏನೂ ಕೊಡ್ಲಿಲ್ಲ, ಕೊಡ್ತಾ ಇದ್ದಿದ್ದನ್ನ ನಿಲ್ಲಿಸ್ತು. ವ್ಯಾಪಾರ, ಬ್ಯಾಂಕ್ ವ್ಯವಹಾರ, ತಂತ್ರಜ್ಞಾನ, ಇವುಗಳ ಮೇಲೆ ತಡೆ. ನಮ್ಮ ದೇಶಕ್ಕೂ ಇದರ ಬಿಸಿ ತಟ್ಟಿದೆ. 1992ರಲ್ಲಿ ಕ್ರಯೋಜೆನಿಕ್ ಎಂಜಿನ್ ಒಪ್ಪಂದದ ಕಾರಣಕ್ಕೆ ಅಮೆರಿಕ ಇಸ್ರೋ ಮೇಲೂ ರಷ್ಯಾದ ಗ್ಲಾವ್‌ಕಾಸ್ಮಾಸ್ ಮೇಲೂ 2 ವರ್ಷ ನಿರ್ಬಂಧ ಹಾಕಿತ್ತು. 1998ರ ಮೇ ತಿಂಗಳ ಪೋಖ್ರಾನ್ ಪರೀಕ್ಷೆ ಆದ್ಮೇಲೆ ಮತ್ತೆ ಹಾಕ್ತು, 2001ರಲ್ಲಿ ತೆಗೀತು. ನಮ್ಮ ಪಕ್ಕದ ಚಳ್ಳಕೆರೆಯಲ್ಲಿ ಇವತ್ತು ಡಿಆರ್‌ಡಿಒ ಪರೀಕ್ಷಾ ಕೇಂದ್ರ ಇದೆ. ಹೊರಗಿನವರು ಕೊಡಲ್ಲ ಅಂದಾಗ ನಾವೇ ಮಾಡ್ಕೊಳ್ಳೋದು ಅಂದ್ರೆ ಏನು ಅಂತ ಅಲ್ಲಿ ಕೆಲಸ ಮಾಡೋರಿಗೆ ನಾವು ಹೇಳಿಕೊಡ್ಬೇಕಾಗಿಲ್ಲ.

ಆ ಅರ್ಥ ಅಲ್ಲಿಗೆ ಸಾಕು. ನಮ್ಮ ಜೀವನಕ್ಕೆ ತಾಗೋದು ಮೊದಲನೇ ಅರ್ಥ. ಮೋಸ ಹೋಗೋದೂ ಅಲ್ಲೇ.

ಮಾವನ ಸ್ಯಾಂಕ್ಷನ್ ಲೆಟರ್

ನಮ್ಮ ಮಾವನ ಊರು ಹೊಸದುರ್ಗದ ಹತ್ತಿರ. ತೆಂಗು ಇದೆ, ಸ್ವಲ್ಪ ಅಡಿಕೆ ಇದೆ. ನಾಲ್ಕೈದು ವರ್ಷದ ಹಿಂದೆ ಬೋರ್ ಕೈಕೊಟ್ಟಿತ್ತು. ಹೊಸ ಬೋರ್, ಮೋಟರ್, ಡ್ರಿಪ್, ಎಲ್ಲ ಸೇರಿ 4 ಲಕ್ಷ ಸಾಲಕ್ಕೆ ಅರ್ಜಿ ಹಾಕಿದ್ರು. ಯಾವ ಬ್ಯಾಂಕ್ ಅಂತ ಬೇಡ, ಈ ಕಥೆಯಲ್ಲಿ ತಪ್ಪು ಅವರದ್ದಲ್ಲ.

ಒಂದಿನ ಎರಡು ಪುಟದ ಇಂಗ್ಲಿಷ್ ಲೆಟರ್ ಬಂತು. ಮಾವ ಅದನ್ನ ಫೋಟೋ ತೆಗೆದು ನನಗೆ ವಾಟ್ಸ್ಆ್ಯಪ್ ಮಾಡಿ ಫೋನ್ ಮಾಡಿದ್ರು. "ಏನಂತೆ ನೋಡಪ್ಪಾ." ನಾನು ಬಸ್ಸಲ್ಲಿದ್ದೆ. ಮೇಲಿನ ನಾಲ್ಕು ಸಾಲು ನೋಡಿದೆ. ಸ್ಯಾಂಕ್ಷನ್ಡ್ ಅಮೌಂಟ್, 4 ಲಕ್ಷ. "ಮಾವ, ಸ್ಯಾಂಕ್ಷನ್ ಆಗಿದೆ, ಯೋಚ್ನೆ ಮಾಡ್ಬೇಡಿ" ಅಂದೆ. ಎರಡನೇ ಪುಟ ತೆಗೆದೇ ಇಲ್ಲ.

ಮಾವ ಏನ್ಮಾಡಿದ್ರು? ಅವತ್ತೇ ಬೋರ್ ಏಜೆಂಟ್‌ಗೆ 60,000 ಅಡ್ವಾನ್ಸ್ ಕೊಟ್ರು. ಪೈಪ್ ಅಂಗಡಿಯಲ್ಲಿ ಉದ್ರಿಗೆ ಡ್ರಿಪ್ ಸಾಮಾನು ತಂದ್ರು. ಊರಲ್ಲಿ ಯಾರೋ ಕೇಳಿದ್ದಕ್ಕೆ "ಸ್ಯಾಂಕ್ಷನ್ ಆಗೈತಲ್ಲ, ಇನ್ನೇನು ದುಡ್ಡು ಬಂದಂಗೇ" ಅಂದ್ರಂತೆ.

ಎರಡನೇ ಪುಟದಲ್ಲಿ ಏನಿತ್ತು ಗೊತ್ತಾ? ಈ ಮಂಜೂರಾತಿ 90 ದಿನ ಮಾತ್ರ ಚಾಲ್ತಿಯಲ್ಲಿ ಇರುತ್ತೆ. ಜಮೀನಿನ ದಾಖಲೆಗೆ ವಕೀಲರ ಅಭಿಪ್ರಾಯ ಬೇಕು. ಒಟ್ಟು ಖರ್ಚಿನ ಶೇಕಡಾ 15 ರೈತರೇ ಮೊದಲು ಹಾಕ್ಬೇಕು. ಅಡಮಾನ ಆದ್ಮೇಲೆ ಹಂತ ಹಂತವಾಗಿ ಹಣ ಬಿಡುಗಡೆ. ಪಹಣಿ ತೆಗೆದು ನೋಡಿದ್ರೆ ಮಾವ ಮತ್ತು ಅವರ ಅಣ್ಣನ ಜಂಟಿ ಹೆಸರು. ಅಣ್ಣ ಇರೋದು ಪುಣೆಯಲ್ಲಿ. ಅವರು ಬಂದು ಸಹಿ ಹಾಕೋ ಹೊತ್ತಿಗೆ 90 ದಿನ ಮುಗಿದಿತ್ತು. ಮತ್ತೆ ಹೊಸ ಅರ್ಜಿ. ಬೋರ್ ಏಜೆಂಟ್ ಅಡ್ವಾನ್ಸ್ ವಾಪಸ್ ಕೊಡ್ಲಿಲ್ಲ. ಪೈಪ್ ಅಂಗಡಿಯವರು ಸುಮ್ನೆ ಇರ್ತಾರಾ? ಅತ್ತೆಯ ಸರ ಅಡ ಇಟ್ಟು ಆ ಬಾಕಿ ತೀರಿಸಿದ್ರು.

ನಾನು ಹೋಗಿ ಸಾರಿ ಕೇಳಿದೆ. ಮಾವ ಬೈಲಿಲ್ಲ. "ನೀನು ಓದಿದವನು. ನೀನೇ ಹೇಳಿದ್ಮೇಲೆ ನಾನು ಇನ್ಯಾರನ್ನ ಕೇಳ್ಲಿ?" ಅಂದ್ರು ಅಷ್ಟೇ. ಬೈದಿದ್ರೆ ಸ್ವಲ್ಪ ಹಗುರ ಆಗ್ತಿತ್ತೇನೋ.

ಸ್ಯಾಂಕ್ಷನ್ ಪದ ನನಗೆ ಗೊತ್ತಿರ್ಲಿಲ್ಲ ಅಂತಲ್ಲ. ಬಿ.ಕಾಂನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಆದ್ರೆ ನಾನು ಮಾವನಿಗೆ ಹೇಳಿದ್ದು ಪುಸ್ತಕದ ಅರ್ಥ ಅಲ್ಲ, ಬಾಯಿಮಾತಿನ ಅರ್ಥ. ನಮ್ಮ ಬಾಯಲ್ಲಿ "ಸ್ಯಾಂಕ್ಷನ್ ಆಯ್ತು" ಅಂದ್ರೆ "ಕೆಲಸ ಆಯ್ತು" ಅಂತ ಆಗ್ಬಿಟ್ಟಿದೆ.

ಸ್ಯಾಂಕ್ಷನ್ ಬೇರೆ, ಡಿಸ್‌ಬರ್ಸ್‌ಮೆಂಟ್ ಬೇರೆ

ಬ್ಯಾಂಕ್ ಭಾಷೆಯಲ್ಲಿ ಸ್ಯಾಂಕ್ಷನ್ ಅಂದ್ರೆ "ಈ ಷರತ್ತು ಪೂರೈಸಿದ್ರೆ ಇಷ್ಟು ಹಣ ಕೊಡೋಕೆ ನಾವು ತಯಾರಿದ್ದೀವಿ" ಅಂತ. ಹಣ ನಿಮ್ಮ ಖಾತೆಗೋ, ಅಂಗಡಿಯವರ ಖಾತೆಗೋ ಹೋಗೋದಕ್ಕೆ ಡಿಸ್‌ಬರ್ಸ್‌ಮೆಂಟ್ ಅಂತಾರೆ, ಅಂದ್ರೆ ವಿತರಣೆ. ಇವೆರಡರ ನಡುವೆ ದಾಖಲೆ, ಸಹಿ, ಅಡಮಾನ, ನಿಮ್ಮ ಪಾಲಿನ ಹಣ ಎಲ್ಲ ಬರುತ್ತೆ. ಆ ನಿಮ್ಮ ಪಾಲಿಗೆ ಮಾರ್ಜಿನ್ ಅಂತ ಹೆಸರು.

ವ್ಯಾಪಾರಿಗಳಿಗೆ ಇನ್ನೊಂದು. ಹೊಳಲ್ಕೆರೆಯಲ್ಲಿ ಅಡಿಕೆ ವ್ಯಾಪಾರ ಮಾಡೋರು ಕ್ಯಾಶ್ ಕ್ರೆಡಿಟ್ ಖಾತೆ ಇಟ್ಕೊಂಡಿರ್ತಾರೆ. ಅದರಲ್ಲಿ ಸ್ಯಾಂಕ್ಷನ್ಡ್ ಲಿಮಿಟ್ 10 ಲಕ್ಷ ಅಂತ ಇರುತ್ತೆ ಅಂದ್ಕೊಳ್ಳಿ. ಹಾಗಂತ ಯಾವಾಗ್ಲೂ 10 ಲಕ್ಷ ತೆಗೆಯೋಕಾಗಲ್ಲ. ಗೋದಾಮಿನಲ್ಲಿರೋ ಸರಕು, ಬರಬೇಕಾದ ಬಾಕಿ, ಅದರಲ್ಲಿ ಮಾರ್ಜಿನ್ ಕಳೆದು ಬ್ಯಾಂಕ್ ಒಂದು ಲೆಕ್ಕ ಹಾಕುತ್ತೆ. ಅದಕ್ಕೆ ಡ್ರಾಯಿಂಗ್ ಪವರ್ ಅಂತಾರೆ. ಲೆಕ್ಕದಲ್ಲಿ 6 ಲಕ್ಷ ಬಂದ್ರೆ ತೆಗೆಯೋಕೆ ಆಗೋದು 6 ಲಕ್ಷ ಮಾತ್ರ. ಸ್ಯಾಂಕ್ಷನ್ಡ್ ಲಿಮಿಟ್ ಅನ್ನೋದು ಮೇಲ್ಮಿತಿ. ಸಮಾಧಾನದ ವಿಷಯ ಅಂದ್ರೆ, ಬಡ್ಡಿ ಮಂಜೂರಾದ ಮೊತ್ತಕ್ಕಲ್ಲ, ನೀವು ಬಳಸಿದ ಮೊತ್ತಕ್ಕೆ.

ಸ್ಯಾಂಕ್ಷನ್ ಲೆಟರ್ ಕೈಗೆ ಬಂದ್ರೆ ಐದು ವಿಷಯ ನೋಡಿ. ಎಷ್ಟು ದಿನ ಚಾಲ್ತಿ? ನಾವು ಹಾಕ್ಬೇಕಾದ ಮಾರ್ಜಿನ್ ಎಷ್ಟು? ಹಣ ಬಿಡೋ ಮೊದಲು ಏನೇನು ದಾಖಲೆ ಬೇಕು? ಒಂದೇ ಸಲ ಕೊಡ್ತಾರಾ, ಹಂತ ಹಂತವಾಗಿ ಕೊಡ್ತಾರಾ? ಬಡ್ಡಿ ಬಿಟ್ಟು ಬೇರೆ ಶುಲ್ಕ ಏನಿದೆ?

ಇದಕ್ಕೆ ಈಗ ಒಂದು ಸಹಾಯ ಇದೆ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 2024ರ ಅಕ್ಟೋಬರ್ 1ರಿಂದ ಹೊಸದಾಗಿ ಕೊಡೋ ರಿಟೇಲ್ ಸಾಲಗಳಿಗೆ ಮತ್ತು ಸಣ್ಣ ಉದ್ದಿಮೆಗಳ ಅವಧಿ ಸಾಲಗಳಿಗೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅನ್ನೋ ಹಾಳೆ ಕೊಡ್ಬೇಕು. ಬಡ್ಡಿ, ಶುಲ್ಕ, ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತೆ ಅನ್ನೋದು ಅದರಲ್ಲಿರುತ್ತೆ. ಮುಖ್ಯವಾದ ಮಾತು, ಅದು ಸಾಲಗಾರರಿಗೆ ಅರ್ಥ ಆಗೋ ಭಾಷೆಯಲ್ಲಿ ಇರ್ಬೇಕು. ಅಂದ್ರೆ ಕನ್ನಡದಲ್ಲಿ ಕೊಡಿ ಅಂತ ಕೇಳೋದು ದಬ್ಬಾಳಿಕೆ ಅಲ್ಲ, ಕೇಳಿ.

ಇನ್ನೊಂದು ಎಚ್ಚರಿಕೆ. ಮೊಬೈಲ್‌ಗೆ ಸೀಲು, ಸಹಿ ಇರೋ "ಸ್ಯಾಂಕ್ಷನ್ ಲೆಟರ್" ಬರುತ್ತೆ, "ಫೈಲ್ ಚಾರ್ಜ್ 5,000 ಕಳಿಸಿ, ಸಂಜೆ ಒಳಗೆ ಸಾಲ" ಅಂತಾರೆ. ಯಾರದೋ ವೈಯಕ್ತಿಕ ಖಾತೆಗೆ ಮೊದಲೇ ದುಡ್ಡು ಹಾಕು ಅಂದ್ರೆ ಅದು ವಂಚನೆ ಅಂತ್ಲೇ ತಿಳ್ಕೊಳ್ಳಿ. ಆ ಕಳ್ಳರು ನಂಬಿರೋದು ನಾವು ಈ ಪದಕ್ಕೆ ಕೊಟ್ಟಿರೋ ತಪ್ಪು ಅರ್ಥವನ್ನೇ.

ಕರೆಂಟ್ ಬಿಲ್ಲಲ್ಲಿ, ಪಹಣಿಯಲ್ಲಿ, ಶಾಲೆಯಲ್ಲಿ

ಚಿತ್ರದುರ್ಗದಲ್ಲಿ ಅಂಗಡಿ ಇಟ್ಟಿರೋರು ಬೆಸ್ಕಾಂ ಬಿಲ್ ತೆಗೆದು ನೋಡಿ. ಅದರಲ್ಲಿ ಸ್ಯಾಂಕ್ಷನ್ಡ್ ಲೋಡ್ ಅಂತ ಇರುತ್ತೆ, ಇಷ್ಟು ಕಿಲೋವ್ಯಾಟ್ ಅಂತ. ನಿಮಗೆ ಬಳಸೋಕೆ ಅನುಮತಿ ಇರೋ ವಿದ್ಯುತ್ ಹೊರೆ ಅದು. ನಿಗದಿತ ಶುಲ್ಕದ ಲೆಕ್ಕ ಇದರ ಮೇಲೇ ಬರುತ್ತೆ. ಹಳೆ ಹಿಟ್ಟಿನ ಗಿರಣಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇಟ್ಟು, ಲೋಡ್ ಕಡಿಮೆ ಮಾಡಿಸದೇ ಇದ್ರೆ, ಬಳಸದ ಗಿರಣಿಗೂ ತಿಂಗಳು ತಿಂಗಳು ಕಟ್ತಾ ಇರ್ತೀರಿ.

ಶಾಲೆ, ಆಸ್ಪತ್ರೆ ಸುದ್ದಿಯಲ್ಲಿ ಸ್ಯಾಂಕ್ಷನ್ಡ್ ಪೋಸ್ಟ್ಸ್ ಅಂತ ಬರುತ್ತೆ, ಮಂಜೂರಾದ ಹುದ್ದೆಗಳು. ಐದು ಹುದ್ದೆ ಮಂಜೂರಾಗಿದೆ ಅಂದ್ರೆ ಐದು ಜನ ಮೇಷ್ಟ್ರು ಇದಾರೆ ಅಂತಲ್ಲ. ಐದು ಕುರ್ಚಿಗೆ ಲೆಕ್ಕ ಇದೆ ಅಂತ. ಕೂತಿರೋರು ಎಷ್ಟು ಅಂತ ಬೇರೆ ಕೇಳ್ಬೇಕು. ಅದಕ್ಕೆ ಭರ್ತಿಯಾದ ಹುದ್ದೆ ಅಂತಾರೆ.

ಜಮೀನಿನ ವಿಷಯ ನಮ್ಮ ಹಿರಿಯರಿಗೆ ನಮಗಿಂತ ಚೆನ್ನಾಗಿ ಗೊತ್ತು. ಬಗರ್ ಹುಕುಂ ಅಂತೀವಲ್ಲ, ಆ ಪದದ ಅರ್ಥವೇ "ಹುಕುಂ ಇಲ್ಲದೆ", ಅಂದ್ರೆ ಸ್ಯಾಂಕ್ಷನ್ ಇಲ್ಲದೆ ಮಾಡೋ ಸಾಗುವಳಿ. ಅರ್ಜಿ ಹಾಕಿ, ಸಮಿತಿ ಒಪ್ಪಿದ್ರೆ ಮಂಜೂರು. ಆಮೇಲೆ ಸಾಗುವಳಿ ಚೀಟಿ. ಆಮೇಲೆ ಪಹಣಿಯಲ್ಲಿ ಹೆಸರು. ಆಮೇಲೆ ಪೋಡಿ. "ಮಂಜೂರಾಗಿ ಇಪ್ಪತ್ತು ವರ್ಷ ಆಯ್ತು, ಪೋಡಿ ಆಗಿಲ್ಲ" ಅನ್ನೋ ಅಜ್ಜಂದಿರು ಪ್ರತಿ ತಾಲ್ಲೂಕು ಕಚೇರಿ ಕಟ್ಟೆ ಮೇಲೂ ಸಿಗ್ತಾರೆ. ಇಂಗ್ಲಿಷ್ ಒಂದಕ್ಷರ ಓದದ ಆ ಅಜ್ಜನಿಗೆ ಸ್ಯಾಂಕ್ಷನ್ ಅಂದ್ರೆ ಏನು, ಏನಲ್ಲ ಅನ್ನೋದು ನನಗಿಂತ ಸರಿಯಾಗಿ ಗೊತ್ತು.

5,300 ಕೋಟಿ: ಸ್ಯಾಂಕ್ಷನ್ ಆಯ್ತಾ?

ಈಗ ನಮ್ಮ ನಾಲ್ಕೂ ತಾಲ್ಲೂಕಿನ ದೊಡ್ಡ ವಿಷಯ. ಭದ್ರಾ ಮೇಲ್ದಂಡೆ.

ಯೋಜನೆ ಗೊತ್ತಿಲ್ಲದವರಿಗೆ ಎರಡು ಮಾತು. ತುಂಗಾದಿಂದ ಭದ್ರಾಗೆ ನೀರೆತ್ತಿ, ಭದ್ರಾದಿಂದ ಅಜ್ಜಂಪುರದ ಸುರಂಗದ ಮೂಲಕ ನಮ್ಮ ಕಡೆಗೆ ತರೋದು. ಒಟ್ಟು 29.90 ಟಿಎಂಸಿ ನೀರು. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ಸುಮಾರು 2.25 ಲಕ್ಷ ಹೆಕ್ಟೇರ್‌ಗೆ ಸೂಕ್ಷ್ಮ ನೀರಾವರಿ, 367 ಕೆರೆ ತುಂಬಿಸೋದು.

2023ರ ಫೆಬ್ರವರಿ 1ರಂದು ಕೇಂದ್ರ ಬಜೆಟ್ ಭಾಷಣದಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಈ ಯೋಜನೆಗೆ 5,300 ಕೋಟಿ ರೂಪಾಯಿ ನೆರವು ಕೊಡೋದಾಗಿ ಹೇಳಿದ್ರು. ಅವತ್ತು ಸಂಜೆ ನಮ್ಮ ಟೀ ಅಂಗಡಿಯಲ್ಲಿ ಎಲ್ರ ಬಾಯಲ್ಲೂ ಒಂದೇ ಮಾತು, "5,300 ಕೋಟಿ ಸ್ಯಾಂಕ್ಷನ್ ಆಗೈತೆ." ನಾನೂ ಖುಷಿಪಟ್ಟೆ. ಆದ್ರೆ ಮಾವನ ಲೆಟರ್ ನೆನಪಾಗಿ ಎರಡನೇ ಪುಟ ಎಲ್ಲಿದೆ ಅನ್ನಿಸ್ತು.

ಸರ್ಕಾರದ ಹಣ ಬರೋದಕ್ಕೆ ಮೆಟ್ಟಿಲುಗಳಿವೆ. ಪ್ರತಿ ಮೆಟ್ಟಿಲಿಗೂ ಒಂದೊಂದು ಇಂಗ್ಲಿಷ್ ಪದ. ಅನೌನ್ಸ್, ಅಂದ್ರೆ ಘೋಷಣೆ. ಅಲೊಕೇಟ್, ಅಂದ್ರೆ ಲೆಕ್ಕದಲ್ಲಿ ಎತ್ತಿಡೋದು. ಅಪ್ರೂವ್, ಅಂದ್ರೆ ಅನುಮೋದನೆ. ಸ್ಯಾಂಕ್ಷನ್, ಅಂದ್ರೆ ಖರ್ಚಿಗೆ ಅಧಿಕೃತ ಆದೇಶ. ರಿಲೀಸ್, ಅಂದ್ರೆ ಬಿಡುಗಡೆ. ಕೊನೆಗೆ ಯುಟಿಲೈಸ್, ಅಂದ್ರೆ ಬಳಕೆ, ಅದಕ್ಕೆ ಬಳಕೆ ಪ್ರಮಾಣಪತ್ರ ಕೊಡ್ಬೇಕು, ಅದನ್ನ ನೋಡಿ ಮುಂದಿನ ಕಂತು. ಒಂದು ಚರಂಡಿ ಕಾಮಗಾರಿಗೂ ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ ಅಂತ ಇದೆ. ಪೂಜೆ ಮಾಡಿ ಫೋಟೋ ಹಾಕಿದ್ರೆ ಯಾವ ಮೆಟ್ಟಿಲಲ್ಲಿದೆ ಅಂತ ಗೊತ್ತಾಗಲ್ಲ.

ಬಜೆಟ್ ಭಾಷಣದಲ್ಲಿ ಆಗಿದ್ದು ಘೋಷಣೆ. ಟೀ ಅಂಗಡಿಯಲ್ಲಿ ಅದು ಸ್ಯಾಂಕ್ಷನ್ ಆಯ್ತು, ಮನೆಗೆ ಹೋಗೋ ಹೊತ್ತಿಗೆ ದುಡ್ಡು ಬಂದೇ ಬಿಡ್ತು. 2024ರಲ್ಲೂ, 2025ರಲ್ಲೂ ರಾಜ್ಯ ಬಜೆಟ್ ಹೊತ್ತಿಗೆ ರಾಜ್ಯ ಸರ್ಕಾರ ಆ ಹಣ ಬಿಡುಗಡೆ ಆಗಿಲ್ಲ ಅಂತ ಹೇಳ್ತಾನೇ ಇತ್ತು. ಯಾರು ಸರಿ, ಯಾರು ತಪ್ಪು ಅನ್ನೋ ರಾಜಕೀಯಕ್ಕೆ ನಾನು ಇವತ್ತು ಹೋಗಲ್ಲ. ಒಂದು ಕಡೆಯವರು "ಕೊಟ್ಟಿದ್ದೀವಿ" ಅಂತಾರೆ, ಇನ್ನೊಂದು ಕಡೆಯವರು "ಬಂದಿಲ್ಲ" ಅಂತಾರೆ. ಅವರಿಬ್ಬರೂ ಯಾವ ಮೆಟ್ಟಿಲ ಬಗ್ಗೆ ಮಾತಾಡ್ತಾ ಇದಾರೆ ಅಂತ ಕೇಳಿದ್ರೆ ಅರ್ಧ ಜಗಳ ಅರ್ಥ ಆಗುತ್ತೆ.

ಹಿರಿಯೂರಿನವರಿಗೆ ಇದು ಇನ್ನೂ ಹತ್ತಿರ. ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಮುಗಿದಿದ್ದು, ಸುಮಾರು 30 ಟಿಎಂಸಿ ಹಿಡಿಯೋ ಜಲಾಶಯ. ಮೇಲ್ದಂಡೆ ಯೋಜನೆಯಲ್ಲಿ ಅದಕ್ಕೆ 2 ಟಿಎಂಸಿ ಹಂಚಿಕೆ ಇದೆ. ಹಂಚಿಕೆ ಅಂದ್ರೆ ಅಲೊಕೇಷನ್, ಅದೂ ಕಾಗದದ ಮೇಲಿನ ಪದ. 1933ರಲ್ಲಿ ಕೋಡಿ ಬಿದ್ದಿದ್ದ ಜಲಾಶಯ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ, 89 ವರ್ಷ ಆದ್ಮೇಲೆ. ಅವತ್ತು ಸಾವಿರಾರು ಜನ ನೋಡೋಕೆ ಹೋದ್ರು, ನಾನೂ ಹೋಗಿದ್ದೆ. ಕೋಡಿ ಮೇಲೆ ಹರಿಯೋ ನೀರನ್ನ ನೋಡಿದವರು ಯಾರೂ "ಸ್ಯಾಂಕ್ಷನ್ ಆಗೈತೆ" ಅನ್ಲಿಲ್ಲ. "ನೀರು ಬಂದೈತೆ" ಅಂದ್ರು. ಎರಡರ ವ್ಯತ್ಯಾಸ ನಮಗೆ ಗೊತ್ತಿದೆ, ಇಂಗ್ಲಿಷ್ ಪದ ಬಂದಾಗ ಮಾತ್ರ ಮರೀತೀವಿ.

ಕೊನೆಯದಾಗಿ

ಹೊಳಲ್ಕೆರೆಯವರೇ, ನಿಮ್ಮ ನೋಟ್‌ಬುಕ್‌ಗೆ ಇಷ್ಟು ಬರ್ಕೊಳ್ಳಿ. ಸ್ಯಾಂಕ್ಷನ್: ಮಂಜೂರಾತಿ, ಅನುಮತಿ. ಸ್ಯಾಂಕ್ಷನ್ಸ್: ನಿರ್ಬಂಧಗಳು. ಕ್ರಿಯಾಪದ ಆದ್ರೆ ವಸ್ತುವನ್ನೋ, ವ್ಯಕ್ತಿ ಅಥವಾ ದೇಶವನ್ನೋ ನೋಡಿ. ಮತ್ತೆ, ಇದು ಪರೀಕ್ಷೆಗೆ ಬರಲ್ಲ ಆದ್ರೂ ಬರ್ಕೊಳ್ಳಿ: ಯಾರಾದ್ರೂ "ಸ್ಯಾಂಕ್ಷನ್ ಆಗಿದೆ" ಅಂದ್ರೆ ಮುಂದಿನ ಪ್ರಶ್ನೆ "ರಿಲೀಸ್ ಯಾವಾಗ?"

ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಇಂಗ್ಲಿಷ್ ಲೆಟರ್ ಹಿಡ್ಕೊಂಡು ನಿಮ್ಮ ಹತ್ರ ಬರೋರು ಇರ್ತಾರೆ. ನೀವು ಓದಿದವರು ಅಂತ ನಂಬಿ ಬರ್ತಾರೆ. ಮೊದಲ ನಾಲ್ಕು ಸಾಲು ಓದಿ ಅರ್ಥ ಹೇಳ್ಬೇಡಿ. ಅರ್ಥ ಆಗ್ಲಿಲ್ಲ ಅಂದ್ರೆ "ನಾಳೆ ಕೇಳಿ ಹೇಳ್ತೀನಿ" ಅನ್ನಿ, ಅದರಲ್ಲಿ ಅವಮಾನ ಏನಿಲ್ಲ.

ಮಾವನ ಸಾಲ ಎರಡನೇ ಸಲ ಹಾಕಿದಾಗ ಸಿಕ್ತು. ಆ ಸಲ ಲೆಟರ್ ಬಂದಾಗ ಅವರು ಫೋಟೋ ಕಳಿಸಲಿಲ್ಲ, ಲೆಟರ್ ತಗೊಂಡು ಬಸ್ ಹತ್ತಿ ದುರ್ಗಕ್ಕೇ ಬಂದ್ರು. ಇಬ್ರೂ ಕೂತು ಎರಡೂ ಪುಟ ಓದಿದ್ವಿ. ಮುಗಿದ ಮೇಲೆ ಮಾವ ಹಾಳೆ ತಿರುಗಿಸಿ ಹಿಂದೆ ಇನ್ನೇನಾದ್ರೂ ಐತಾ ಅಂತ ನೋಡಿದ್ರು. ಖಾಲಿ ಇತ್ತು. "ಸರಿ ಹಂಗಾದ್ರೆ" ಅಂದ್ರು.

ನಿಮ್ಮನ್ನ ಕಾಡಿದ ಇಂಗ್ಲಿಷ್ ಪದ ಇದ್ರೆ ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.